ಗುರುಬಸವರಾಜನ ಬಲಗಾಲು

ಪಕ್ಕೀರಪ್ಪ ಸತ್ತ ತಮ್ಮನ ಬಲಗಾಲಿನ ಮೊಣಕಾಲ ಕೆಳಗೆ ಒಂದು ಕೈ ಕೊಟ್ಟು, ಹಿಮ್ಮಡಿಯನ್ನು ಇನ್ನೊಂದು ಕೈಯಿಂದ ಹಿಡಿದು, ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದ. ಕಾಲು ಮಡಚಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣವೇ ಇಡಿಯಾಗಿ ಎಡಕ್ಕೆ ವಾಲಿತು. ಅದನ್ನು ಹಿಡಿದು ನಿಲ್ಲಿಸಲು ಇಬ್ಬರು ಮುಂದೆ ಓಡಿಬಂದರು.

“ಬಿಡ್ರಿ ಭಾವ, ಸಾಕು,” ಎಂದಳು ಪಕ್ಕದಲ್ಲೇ ಕೂತಿದ್ದ ನಾಗಲಿಂಗಮ್ಮ. ಅವಳ ಗಂಡ ಗುರುಬಸವರಾಜ ಬೆಳಿಗ್ಗೆ ಚಹಾ ಕುಡಿಯುತ್ತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಅವಳಿಗೆ ಅಳು ಇನ್ನೂ ಸರಿಯಾಗಿ ಬಂದಿರಲಿಲ್ಲ. ಬರುವಷ್ಟರಲ್ಲಿ ಈ ಕಾಲಿನ ಪಂಚಾಯ್ತಿ ಶುರುವಾಗಿತ್ತು.

“ಸಾಕಂದ್ರ ಹೆಂಗವ್ವ? ಮೈ ಬಿಗಿಯಾಕ ಹತ್ತೈತಿ. ಆಮ್ಯಾಲೆ ಯಾರಪ್ಪ ಬಂದ್ರೂ ಮಡಚಾಕಾಗಾದಿಲ್ಲ,” ಎಂದ ಪಕ್ಕೀರಪ್ಪ ಬೆವರು ಒರೆಸಿಕೊಳ್ಳುತ್ತ.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಕಾಲು ಮಡಚಿ ಕೂರಿಸಿ, ಅಂಗೈಯಲ್ಲಿ ಲಿಂಗ ಕೊಟ್ಟು, ಕೂತವನನ್ನು ಕೂತಂತೆಯೇ ಬಿದಿರಿನಲ್ಲಿ ಕಟ್ಟಿದ ವಿಮಾನದಲ್ಲಿ ಹೊತ್ತು ಕೂತಂತೆಯೇ ಗುಣಿಗೆ ಇಳಿಸಬೇಕು. ಗುರುಬಸವರಾಜನ ಎಡಗಾಲು ಹೇಳಿದ ಮಾತು ಕೇಳಿ ಮಡಚಿಕೊಂಡಿತ್ತು. ಬಲಗಾಲು ಮಾತ್ರ ಮೂವತ್ತು ವರ್ಷದಿಂದ ಹೇಗಿತ್ತೋ ಹಾಗೆಯೇ ಸಲಾಕೆಯಂತೆ ನೆಟ್ಟಗೆ ಚಾಚಿಕೊಂಡಿತ್ತು. ಅದು ಮಡಚುವುದಿಲ್ಲ ಎಂದು ಕಾನಹೊಸಹಳ್ಳಿಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೆ ಈ ದಿನ ಬರುತ್ತದೆ, ಬಂದಾಗ ಏನು ಮಾಡಬೇಕು ಎಂದು ಒಬ್ಬರೂ ಯೋಚಿಸಿರಲಿಲ್ಲ.

ಕ್ರಿಯೆ ಮಾಡಿಸುವ ಮಠದ ಅಜ್ಜಯ್ಯ ಹೊರಗೆ ಕಟ್ಟೆಯ ಮೇಲೆ ಕೂತು ವಿಭೂತಿ ಗಟ್ಟಿಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಪಕ್ಕೀರಪ್ಪ ಬಾಗಿಲಿಗೆ ಬಂದು ಕೇಳಿದ:

“ಅಯ್ಯನೋರ, ಮಲಗಿಸಿ ಮಾಡಾಕ ಬರತೈತೇನ್ರಿ?”

ಅಜ್ಜಯ್ಯ ಕೈಯಲ್ಲಿದ್ದ ಗಟ್ಟಿಯನ್ನು ಕೆಳಗಿಟ್ಟರು.

“ನಮ್ಮಪ್ಪನ ಕಾಲದಾಗೂ ನಾ ಹಂಗ ಕಂಡಿಲ್ಲ. ಬ್ಯಾಡ ಅನ್ನಾಕ ನನಗ ಧೈರ್ಯ ಸಾಲದು, ಮಾಡ್ರಿ ಅನ್ನಾಕೂ ಸಾಲದು. ನೀವು ಮನಿಯವರು ಮಾತಾಡಿಕೊಂಡು ಹೇಳ್ರಿ.”

“ಮಾತಾಡಾದೇನೈತ್ರಿ? ಒಂದು ಪೆಟ್ಟು ಹಾಕಿದ್ರ ಮಡಚತೈತಿ. ಜೀವ ಹೋದ ಮ್ಯಾಲೆ ಅವಂಗ ನೋವೇನು?”

ನಾಗಲಿಂಗಮ್ಮ ತಲೆ ಎತ್ತಿದಳು. “ಪೆಟ್ಟು ಹಾಕಾದು? ಅವರ ಕಾಲಿಗಾ?” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

ಬಾಗಿಲ ಬಳಿ ನಿಂತಿದ್ದ ಲಾರಿ ಡ್ರೈವರೊಬ್ಬ ನಡುವೆ ಬಾಯಿ ಹಾಕಿದ. “ಪೆಟ್ಟು ಹಾಕಾಕ ಮೊದಲು ಒಳಗ ಏನೈತಿ ಅಂತ ಗೊತ್ತಾಗಬೇಕಲ್ರಿ. ಬರೇ ತೊಡಿಗೆ ಪ್ಲೇಟ್ ಕೂಡಿಸಿದ್ರ ಒಂದು ಮಾತು. ರಾಡು ಮೊಣಕಾಲ ದಾಟಿ ಹೋಗಿತ್ತಂದ್ರ ಎಷ್ಟು ಬಡದ್ರೂ ಅದು ಮಡಚಾದಿಲ್ಲ.”

ಅಲ್ಲಿಂದ ಗೊಂದಲ ಇನ್ನೊಂದು ದಾರಿ ಹಿಡಿಯಿತು. ಬೋರ್‌ವೆಲ್ ಲಾರಿ ಇಟ್ಟುಕೊಂಡಿದ್ದವನೊಬ್ಬ, ಒಳಗಿರುವುದು ಬೋರ್ ಕೊರೆಯುವ ಬಿಟ್ಟಿಗೆ ಹಾಕುವ ಕಾರ್ಬೈಡು, ಗುರುಬಸಣ್ಣನೇ ತನ್ನ ಬಾಯಿಂದ ಹೇಳಿದ್ದು ಎಂದ. ಡ್ರೈವರ್, ಅಲ್ಲ, ಅದು ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕು, ತನಗೂ ಅವನೇ ಹೇಳಿದ್ದು ಎಂದ. ಹರಪನಹಳ್ಳಿಯಿಂದ ಆಗಷ್ಟೇ ಬಂದು ಅಪ್ಪನ ಪಾದದ ಹತ್ತಿರ ಕೂತಿದ್ದ ಮಗಳು ಪುಷ್ಪಲತಾ ಮೂಗು ಒರೆಸಿಕೊಂಡು ಇಬ್ಬರನ್ನೂ ನೋಡಿದಳು.

“ಟೈಟಾನಿಯಂ ಅದು. ರಾಕೆಟ್ಟಿಗೆ ಹಾಕ್ತಾರಲ್ಲ, ಅದು. ನಾನು ಶಾಲೇಲಿ ಎಲ್ರಿಗೂ ಹೇಳ್ಕೊಂಡು ಬಂದಿದ್ದೆ, ನಮ್ಮಪ್ಪನ ಕಾಲೊಳಗೆ ರಾಕೆಟ್ ಐತೆ ಅಂತ.”

“ನನಗ ಬೆಳ್ಳಿ ಬೆರೆಸಿದ್ದು ಅಂದಿದ್ರು,” ಎಂದಳು ನಾಗಲಿಂಗಮ್ಮ ಮೆಲ್ಲಗೆ.

ಎಲ್ಲರೂ ಹೆಣದ ಕಡೆ ನೋಡಿದರು. ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಗುರುಬಸವರಾಜನಿಂದ ಯಾವ ಉಪಯೋಗವೂ ಆಗಲಿಲ್ಲ.

“ಎಕ್ಸ್‌ರೇ ಇರಬೇಕಲ್ಲ? ತಗದು ನೋಡ್ರಿ,” ಎಂದ ಪಕ್ಕೀರಪ್ಪ.

“ಎಲ್ಲಿದು? ಅದನ್ನ ಕತ್ತರಿಸಿ ಅಕ್ಷರ ಮಾಡಿಕೊಂಡಿದ್ರಲ್ಲ. ಅಂಗಡಿ ಹೆಸರು ಬರಿಯಾಕ,” ಎಂದಳು ನಾಗಲಿಂಗಮ್ಮ.

ಅದು ನಿಜವೇ. ಹೆದ್ದಾರಿಯ ಪಕ್ಕದ ತಗಡಿನ ಮೇಲೆ ನೀಲಿ ಬಣ್ಣದಲ್ಲಿ ಮೂಡಿದ್ದ ‘ಜಿ.ಎಂ. ಸ್ಪ್ರಿಂಗ್ ವರ್ಕ್ಸ್’ ಎಂಬ ಅಕ್ಷರಗಳೆಲ್ಲ ಗುರುಬಸವರಾಜನ ಮೊಣಕಾಲಿನ ಎಕ್ಸ್‌ರೇ ಹಾಳೆಯನ್ನು ಕೊರೆದು ಅಚ್ಚು ಮಾಡಿ ಬಳಿದವು. ಗಟ್ಟಿ ಹಾಳೆ, ಬಣ್ಣಕ್ಕೆ ನೆನೆಯುವುದಿಲ್ಲ ಎಂದು ಅವನೇ ಹೊಗಳಿಕೊಂಡಿದ್ದ.

“ಮಜೀದ ಸಾಹೇಬ್ರಿಗೆ ಹೇಳಿ ಕಳಸ್ರಿ,” ಎಂದಿತು ಯಾವುದೋ ದನಿ. “ಅವರಿಗೆ ಗೊತ್ತಿರತೈತಿ.”

*

ಜಿ ಎಂದರೆ ಗುರುಬಸವರಾಜ, ಎಂ ಎಂದರೆ ಅಬ್ದುಲ್ ಮಜೀದ. ಇಬ್ಬರೂ ಮೀಸೆ ಮೂಡುವ ವಯಸ್ಸಿನಲ್ಲಿ ಒಂದೇ ಮೇಸ್ತ್ರಿಯ ಕೈಕೆಳಗೆ ಬೈಸಿಕೊಂಡು ಕೆಲಸ ಕಲಿತವರು. ಆಮೇಲೆ ಹೆದ್ದಾರಿಯ ಪಕ್ಕ ಸ್ವಂತ ಅಂಗಡಿ ಹಾಕಿದರು. ಭಾರ ಹೊತ್ತು ಬರುವ ಲಾರಿಗಳ ಸ್ಪ್ರಿಂಗ್ ಪಟ್ಟಿ ಮುರಿದರೆ ಹೊಸದನ್ನು ಕೆಂಪಗೆ ಕಾಯಿಸಿ, ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ ಹದ ಮಾಡುವುದು. ಬೋರ್‌ವೆಲ್ ಬಿಟ್ಟುಗಳ ಸವೆದ ಕಾರ್ಬೈಡ್ ಹಲ್ಲು ಬದಲಿಸುವುದು. ಮುರಿದ ಹಳೆಯ ಪಟ್ಟಿಯಿಂದ ರೈತರಿಗೆ ಕೊಡಲಿ, ಕುಂಟೆಯ ಕುಡ ಮಾಡಿಕೊಡುವುದು. ಮೆತ್ತನೆ ಕಬ್ಬಿಣಕ್ಕೂ ಉಕ್ಕಿಗೂ ಉಕ್ಕಿನೊಳಗಿನ ಹತ್ತು ಬಗೆಗಳಿಗೂ ಇರುವ ವ್ಯತ್ಯಾಸ ಅವರಿಗೆ ಹೊಟ್ಟೆಪಾಡಾಗಿತ್ತು. ಸಾಣೆಕಲ್ಲಿಗೆ ಹಿಡಿದರೆ ಹಾರುವ ಕಿಡಿ ನೋಡಿ ಇದು ಇಂಥದ್ದು ಎನ್ನುತ್ತಿದ್ದರು. ಎಷ್ಟೋ ಸಲ ಇಬ್ಬರೂ ಬೇರೆಬೇರೆ ಹೇಳಿ ಜಗಳಾಡುತ್ತಿದ್ದರು.

ಒಂದು ಮಧ್ಯಾಹ್ನ ಜಾಕು ಜಾರಿತು. ಲಾರಿಯ ಹಿಂಭಾಗ ಕೆಳಗೆ ಕುಸಿದು ಗುರುಬಸವರಾಜನ ಮೊಣಕಾಲು ಜಜ್ಜಿಹೋಯಿತು. ದಾವಣಗೆರೆಯ ಡಾಕ್ಟರು ಕಾಲು ತೆಗೆಯುವುದೇ ವಾಸಿ ಎಂದರು. ಮದುವೆಯಾಗಿ ಇನ್ನೂ ಹೊಸತರಲ್ಲಿದ್ದ ನಾಗಲಿಂಗಮ್ಮ ಸಹಿ ಹಾಕಲು ಒಪ್ಪಲಿಲ್ಲ. ಲೋಹ ಕೂಡಿಸಿ ಉಳಿಸಬಹುದು, ಆದರೆ ಜನ್ಮಕ್ಕೆ ಮಡಚುವುದಿಲ್ಲ ಎಂದರು ಡಾಕ್ಟರು. “ಮಡಚದಿದ್ರ ಬ್ಯಾಡ ಬಿಡ್ರಿ, ಇರ್ಲಿ,” ಎಂದಳು.

ಆಪರೇಷನ್ ಮುಗಿದ ಮೇಲೆ ಮಜೀದ ಡಾಕ್ಟರ ಹಿಂದೆ ನಡೆದು, ಯಾವ ಸ್ಟೀಲು ಸಾರ್ ಎಂದು ಕೇಳಿದ್ದ. ಅವರು ನಡೆಯುತ್ತಲೇ ಏನೋ ಇಂಗ್ಲಿಷ್ ಹೆಸರು ಹೇಳಿದರು. ಮಜೀದನಿಗೆ ಅದು ನೆನಪಿನಲ್ಲಿ ನಿಲ್ಲಲಿಲ್ಲ. ಎಚ್ಚರವಾದ ಮೇಲೆ ಗುರುಬಸವರಾಜ ಕೇಳಿದ ಮೊದಲ ಮಾತೂ ಅದೇ.

“ಏನ್ ಹಾಕ್ಯಾರಲೇ?”

“ಚಲೋದು ಹಾಕ್ಯಾರ ಸುಮ್ನಿರಲೇ.”

ಆವತ್ತಿನಿಂದ ಗುರುಬಸವರಾಜ ಕೇಳಿದವರ ಮುಖ ನೋಡಿ ಲೋಹದ ಹೆಸರು ಹೇಳತೊಡಗಿದ. ಡ್ರೈವರನಿಗೆ ಪಟ್ಟಿಯ ಉಕ್ಕು, ಬೋರಿನವನಿಗೆ ಕಾರ್ಬೈಡು. ಮಗಳು ಸಣ್ಣವಳಿದ್ದಾಗ ಅಪ್ಪ ಕುಂಟ ಎಂದು ಯಾರೋ ಅಂದರೆಂದು ಅಳುತ್ತ ಬಂದಳು. ಅವಳಿಗೆ ರಾಕೆಟ್ ಸಿಕ್ಕಿತು. ಕೂಡ್ಲಿಗಿ ಬಸ್ಸಿನಲ್ಲಿ ಕಂಡಕ್ಟರ್ ಕಾಲು ಒಳಗೆ ತೆಗೆದುಕೊಳ್ಳಿ ಎಂದು ರೇಗಿದರೆ, “ಅದು ನನ್ನದಲ್ರಿ, ಕಂಪನಿದು. ಬಗ್ಗಿಸಿದ್ರ ವಾಪಸ್ ತಗೊಳ್ಳಾದಿಲ್ಲ,” ಎನ್ನುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಸುಳ್ಳು ಎಂದು ಅವನಿಗೆ ಅನ್ನಿಸುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಎದುರಿಗಿದ್ದವರ ಮುಖ ಸಣ್ಣದಾದರೆ ಆ ಪುಣ್ಯಾತ್ಮನಿಗೆ ನೋಡಲಾಗುತ್ತಿರಲಿಲ್ಲ.

*

ಮಜೀದ ಬೆಳಿಗ್ಗೆಯೇ ಬಂದು, ಗೆಳೆಯನ ಮುಖ ನೋಡಿ ಹೊರಟುಹೋಗಿದ್ದ. ಈಗ ಅವನು ಮತ್ತೆ ಬಂದಾಗ ಹೆಗಲಲ್ಲಿ ಅಂಗಡಿಯ ಗೋಣಿಚೀಲ ಇತ್ತು. ಅದನ್ನು ಬಾಗಿಲ ಹಿಂದೆ ಇಟ್ಟು, ಟೋಪಿ ಸರಿಮಾಡಿಕೊಂಡು, ನಾಗಲಿಂಗಮ್ಮನ ಎದುರು ನಿಂತ.

“ಒಳಗ ಏನೈತಿ ಅಂತ ಕೇಳಾಕ ಹತ್ಯಾರ ಅಣ್ಣ,” ಎಂದಳು ಅವಳು.

“ನನಗೂ ಗೊತ್ತಿಲ್ಲ ತಂಗಿ,” ಎಂದ ಮಜೀದ. ಇದನ್ನು ಕೇಳಿ ಎಲ್ಲರಿಗೂ ನಿರಾಸೆಯಾಯಿತು. ಅವನು ಜೇಬಿನಿಂದ ಗುಜರಿ ಮಾಲು ಆರಿಸುವ ಮ್ಯಾಗ್ನೆಟ್ಟು ತೆಗೆದ. “ನೀ ಹೂಂ ಅಂದ್ರ ಇದನ್ನೊಂದು ಹಿಡಿದು ನೋಡ್ತೀನಿ.”

ಅವಳು ಹೂಂ ಎಂದಳು. ಮಜೀದ ನೆಲಕ್ಕೆ ಕೂತು, ಮ್ಯಾಗ್ನೆಟ್ಟನ್ನು ಪಂಚೆಯ ಮೇಲಿಂದ ತೊಡೆ, ಮೊಣಕಾಲು, ಮೀನಖಂಡದ ಉದ್ದಕ್ಕೂ ನಿಧಾನವಾಗಿ ಸರಿಸಿದ. ಎಲ್ಲಿಯೂ ಹಿಡಿಯಲಿಲ್ಲ.

“ಅಂದ್ರ ಒಳಗ ಏನೂ ಇಲ್ಲ,” ಎಂದ ಪಕ್ಕೀರಪ್ಪ. “ಎಂದೋ ತಗಸಿಬಿಟ್ಟಾನ.”

“ಹಂಗ ಹೇಳಾಕ ಬರಾದಿಲ್ರಿ. ಅಡಿಗಿಮನಿ ಸ್ಟೀಲಿಗೆ ಹಿಡಿದ್ರೂ ಹತ್ತಾದಿಲ್ಲ. ಮೈಯಾಗ ಹಾಕಾದು ಅದಕ್ಕಿಂತ ಚಲೋ ಸ್ಟೀಲು.”

ಪುಷ್ಪಲತಾ ಎದ್ದುಹೋಗಿ ಒಳಗಿನಿಂದ ಎರಡು ತಟ್ಟೆ ತಂದಳು. ಮ್ಯಾಗ್ನೆಟ್ಟು ಒಂದಕ್ಕೆ ಹತ್ತಲಿಲ್ಲ. ಇನ್ನೊಂದಕ್ಕೆ ಟಕ್ಕನೆ ಅಂಟಿಕೊಂಡಿತು. ಎಲ್ಲರೂ ಮಜೀದನ ಮುಖ ನೋಡಿದರು.

“ಸ್ಟೀಲಿನಾಗೂ ಜಾತಿ ಬ್ಯಾರೆ ಬ್ಯಾರೆ ಅದಾವ್ರಿ,” ಎಂದ ಅವನು ಸೋತ ದನಿಯಲ್ಲಿ. “ಟೈಟಾನಿಯಮ್ಮಿಗಂತೂ ಹತ್ತಾದ ಇಲ್ಲ.”

“ಹಂಗಾರ ಇದು ಯಾವುದು?”

“ಗೊತ್ತಿಲ್ರಿ.”

“ಇಷ್ಟು ವರ್ಷ ಜೊತಿಗೆ ಇದ್ದೀಯಲ್ಲ ಮಾರಾಯ, ಒಂದು ಸಲ ಸರಿಯಾಗಿ ಕೇಳಾಕ ಏನಾಗಿತ್ತು?” ಎಂದು ಪಕ್ಕೀರಪ್ಪ ಸಿಡುಕಿದ. ಬೆಳಗಿನಿಂದ ಯಾರ ಮೇಲಾದರೂ ಸಿಡುಕಬೇಕೆಂದು ಅವನಿಗೆ ಅನ್ನಿಸುತ್ತಿತ್ತು. ಸಿಡುಕುತ್ತಲೇ ಬಾಗಿಲ ಹಿಂದಿನ ಚೀಲವನ್ನು ಕಾಲಿನಿಂದ ಸರಿಸಲು ಹೋದ. ಅದು ಭಾರವಾಗಿತ್ತು. ಬಾಯಿ ಸಡಿಲವಾಗಿ ಒಳಗಿದ್ದ ದೊಡ್ಡ ಸುತ್ತಿಗೆಯ ಹಿಡಿ ಹೊರಗೆ ಚಾಚಿತು.

ನಾಗಲಿಂಗಮ್ಮ ಅದನ್ನು ನೋಡಿದಳು.

“ಇದ್ಯಾಕ ತಂದಿ ಅಣ್ಣ?”

ಮಜೀದ ತಟ್ಟೆಯಿಂದ ಮ್ಯಾಗ್ನೆಟ್ಟು ಕಿತ್ತುಕೊಳ್ಳುತ್ತಿದ್ದ. ಕೈ ಹಾಗೆಯೇ ನಿಂತಿತು. ತಾನು ಏನು ಹೇಳಿದರೂ ಈ ಮನೆಯಲ್ಲಿ ಇನ್ನು ಮುಂದೆ ಒಂದು ಲೋಟ ನೀರು ಕೇಳಲು ಮುಖ ಇರುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಸುಳ್ಳು ಹೇಳಲು ಬರಲಿಲ್ಲ.

“ಅವನೇ ಹೇಳಿದ್ದ,” ಎಂದ.

*

ಹೋದ ಬೇಸಿಗೆಯ ಮಾತು. ಗುಡೇಕೋಟೆಯಲ್ಲಿ ದೂರದ ಸಂಬಂಧಿಯೊಬ್ಬನ ಮಣ್ಣಿಗೆ ಹೋಗಿಬಂದ ಗುರುಬಸವರಾಜ ಆವತ್ತು ಎಣ್ಣೆ ಡ್ರಮ್ಮಿನ ಪಕ್ಕ ಸ್ಟೂಲಿನ ಮೇಲೆ ಕಾಲು ಚಾಚಿ ಸುಮ್ಮನೆ ಕೂತಿದ್ದ. ಮಜೀದ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಎಣ್ಣೆಗೆ ಇಳಿಸುತ್ತಿದ್ದ. ಬುಸುಬುಸು ಎಂದು ಹೊಗೆ ಎದ್ದಿತು.

“ಲೇ ಮಜೀದ, ಆ ಮುದುಕನ ಕಾಲು ಮಡಚಾಕ ನಾಕು ಮಂದಿ ಮ್ಯಾಲೆ ಬಿದ್ದಿದ್ರಲೇ. ಅವಂದು ಬರೇ ಎಲುಬು. ನಂದು ಹೆಂಗ?”

“ಕೆಲಸ ನೋಡಲೇ.”

“ತಮಾಷಿ ಅಲ್ಲ. ನೀನ ಬಡಿ. ನಿನ್ನ ಏಟು ನನಗ ಗೊತ್ತೈತಿ, ಒಂದಕ್ಕ ಮುಗಸ್ತಿ. ನಮ್ಮಣ್ಣನ ಕೈಗೆ ಮಾತ್ರ ಸುತ್ತಿಗಿ ಕೊಡಬ್ಯಾಡ. ಅವ ಎಲ್ಲೆಲ್ಲೋ ಬಡದು ಕಡಿಗೆ ಅಳಕೋಂತ ಕುಂದುರ್ತಾನ.”

“ಬಾಯಿ ತೊಳಕೋ ಹೋಗು, ಏನ್ ಮಾತಾಡ್ತಿ.”

“ಮಂದ್ಯಾಗ ಕುಂತು ಊಟ ಮಾಡಲಿಲ್ಲ, ಮಂದ್ಯಾಗ ಕುಂತು ಪೂಜಿ ಮಾಡಲಿಲ್ಲ. ಕಡೀಕಾರ ಎಲ್ಲಾರಂಗ ನೆಟ್ಟಗ ಕುಂದ್ರಬೇಕಲೇ. ಮಾತು ಕೊಡು.”

ಅವನ ಬಾಯಿ ಮುಚ್ಚಿಸಲು ಮಜೀದ ಆಯ್ತಪ್ಪ, ಬಡಿತೀನಿ ಎಂದಿದ್ದ. ಗುರುಬಸವರಾಜ ಸಮಾಧಾನದಿಂದ ಬೀಡಿ ಹಚ್ಚಿಕೊಂಡಿದ್ದ.

*

ಮಜೀದ ಇದಿಷ್ಟನ್ನೂ ಹೇಳಿದ. ಅಣ್ಣನ ಕೈಗೆ ಸುತ್ತಿಗೆ ಕೊಡಬೇಡ ಎಂಬ ಮಾತೊಂದನ್ನು ಬಿಟ್ಟ.

“ಖರೇನ ಹಂಗಂದ್ರಾ?” ಎಂದಳು ನಾಗಲಿಂಗಮ್ಮ.

“ನನ್ನ ಮಕ್ಕಳ ಆಣಿಗೂ ತಂಗಿ.”

“ನನಗ ಬ್ಯಾರೆ ಹೇಳ್ಯಾರಲ್ಲ ಅಣ್ಣ. ಕಾಲಿಗೆ ಎಣ್ಣಿ ಹಚ್ಚುವಾಗ, ಮೊನ್ನಿ ಶ್ರಾವಣದಾಗ. ಇದು ನೀ ಉಳಿಸಿದ ಕಾಲು, ನಾ ಹೋದ ಮ್ಯಾಲೆ ಇದಕ್ಕ ಯಾರೂ ಕೈ ಹಚ್ಚಬಾರದು ನೋಡು ಅಂದ್ರು. ನಾ ಹೂಂ ಅಂದೀನಿ. ನಾ ಏನ್ ಮಾಡ್ಲಿ ಈಗ?”

ಪುಷ್ಪಲತಾ ಅಪ್ಪನ ಪಾದದ ಮೇಲೆ ಕೈ ಇಟ್ಟುಕೊಂಡು, ಹೇಳಲೋ ಬೇಡವೋ ಎನ್ನುವಂತೆ ತಾಯಿಯನ್ನು ನೋಡಿದಳು.

“ಅವ್ವ, ನನ್ ಹತ್ರ ತಮ್ಮನ್ನ ಸುಟ್ಟುಬಿಡಿ ಅಂದಿದ್ರು. ಎಲ್ಲಾ ಬೂದಿಯಾದ ಮೇಲೆ ಆ ಟೈಟಾನಿಯಂ ಹಂಗೇ ಉಳಿತೈತೆ, ಅದನ್ನ ನೀನು ಇಟ್ಕೋ ಅಂತ. ನಗಾಡ್ತಾ ಹೇಳಿದ್ರು. ನಾನು ಫೋನ್ ಇಟ್ಟುಬಿಟ್ಟೆ ಸಿಟ್ಟಿಗೆ.”

“ಸುಡಾದು?” ಎಂದರು ಅಜ್ಜಯ್ಯ ಬಾಗಿಲಿನಿಂದ. ಅವರ ಕೈಯಿಂದ ಒಂದು ವಿಭೂತಿ ಗಟ್ಟಿ ಜಾರಿ ಬಿತ್ತು.

ಪಕ್ಕೀರಪ್ಪ ಗೋಡೆ ಹಿಡಿದು ನಿಧಾನವಾಗಿ ಕೆಳಗೆ ಕೂತ. “ಹೆಂಡ್ತಿಗೆ ಹೇಳ್ಯಾನ, ಗೆಳ್ಯಾಗ ಹೇಳ್ಯಾನ, ಮಗಳಿಗೆ ಹೇಳ್ಯಾನ,” ಎಂದ. “ನನಗ ಏನೂ ಹೇಳಲಿಲ್ಲ ನೋಡವ್ವ. ಬೆನ್ನ ಮ್ಯಾಲೆ ಹೊತ್ತುಕೊಂಡು ಸಾಲಿಗೆ ಬಿಟ್ಟು ಬರತಿದ್ದೆ ಅವನ್ನ.”

ನಾಗಲಿಂಗಮ್ಮನಿಗೆ ಆಗ ಒಮ್ಮೆಲೇ ಸಿಟ್ಟು ಬಂತು. ಗಂಡನ ಕಡೆ ತಿರುಗಿ, ದಿನವೂ ಬೈಯುತ್ತಿದ್ದ ದನಿಯಲ್ಲೇ ಬೈದಳು. “ಏನ್ರಿ ಇದು? ಒಬ್ಬೊಬ್ಬರಿಗೆ ಒಂದೊಂದು ಹೇಳಿ ಹಿಂಗ ಕುಂತ್ರ ಹೆಂಗ? ಯಾವುದು ಖರೇ, ಯಾವುದು ಸುಳ್ಳು? ಈಗ ನಾ ಯಾರನ್ನ ಕೇಳಲಿ?” ಕೇಳಿದ ಮೇಲೆ ಉತ್ತರಕ್ಕೆ ಕಾದಳು. ಅದು ಬರಲಿಲ್ಲ. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಪುಷ್ಪಲತಾ ತಾಯಿಯನ್ನು ಅಪ್ಪಿಕೊಂಡಳು. ಹೊರಗೆ ಭಜನೆಯವರು ತಾಳ ನಿಲ್ಲಿಸಿ ಒಳಗೆ ಇಣುಕಿದರು.

ಗುಣಿ ತೋಡುವ ದುರುಗಪ್ಪ ಬಂದದ್ದು ಅಂಥ ಹೊತ್ತಿಗೆ. ಬೆಳಿಗ್ಗೆ ಬಂದು ಸತ್ತವನ ಪಾದಕ್ಕೆ ಕಡ್ಡಿ ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದ. ಪಾದದ ಅಳತೆಯಲ್ಲೇ ಗುಣಿ ತೋಡಬೇಕು. ಮೈತುಂಬ ಕೆಂಪು ಮಣ್ಣಾಗಿತ್ತು.

“ಗುಣಿ ಆತ್ರಿ. ಮೂಡಣ ಕಡಿಗೆ ಕಲ್ಲು ಹತ್ತೈತಿ, ಹಾರಿ ಮೊನಿ ಬಾಗಿ ಹೋತು. ಚೌಕ ಗುಣಿಗೆ ಅದರ ತಂಟೆ ಇಲ್ಲ ಬಿಡ್ರಿ. ನೀವು ಹೊರಡಾದು ಯಾವಾಗ?”

ನಾಗಲಿಂಗಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ಅವನನ್ನೇ ನೋಡಿದಳು.

“ಮುಖ ಯಾವ ಕಡಿಗೆ ಮಾಡಿ ಕುಂದರಸ್ತೀರಿ?”

“ಮೂಡಣಕ್ಕ ಅಮ್ಮ.”

“ಆ ಕಡಿಗೆ ಇನ್ನಷ್ಟು ಉದ್ದ ಮಾಡಾಕ ಬರತೈತೇನು?”

“ಎಷ್ಟು ಉದ್ದ?”

ಅವಳು ಗಂಡನ ಕಾಲು ತೋರಿಸಿದಳು. “ಇಷ್ಟು.”

ದುರುಗಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕೀರಪ್ಪ, ಮಂದಿ ಏನಂದಾರು ಎಂದ. ಅವಳು ಅಜ್ಜಯ್ಯನ ಕಡೆ ನೋಡಿದಳು. ಅಜ್ಜಯ್ಯ ಬಿದ್ದ ವಿಭೂತಿಯನ್ನು ಎತ್ತಿ, ಅದಕ್ಕೆ ಹತ್ತಿದ ಮಣ್ಣು ಉಜ್ಜುತ್ತಿದ್ದರು.

“ಕುಂತಂಗಂತೂ ಆತು,” ಎಂದರು ಕೊನೆಗೆ. “ಕಾಲು ಚಾಚಿ ಕುಂತಾನ ಅಷ್ಟ. ಸರಿಯೋ ತಪ್ಪೋ ನನಗ ತಿಳಿಯವಲ್ದು ತಾಯಿ. ಶಿವಗ ಗುರ್ತಂತೂ ಸಿಗತೈತಿ.”

*

ಸ್ಮಶಾನದಲ್ಲಿ ಮಜೀದ ಗುಣಿಗೆ ಇಳಿದ. ಚೀಲದಿಂದ ಸುತ್ತಿಗೆ ತೆಗೆದ, ಕಲ್ಲು ಒಡೆಯುವ ಚಾಣ ತೆಗೆದ. ಅದು ಗುರುಬಸವರಾಜನೇ ಮಾಡಿಟ್ಟ ಚಾಣ. ಲಾರಿ ಆಕ್ಸಲ್ಲಿನ ತುಂಡಿಗೆ ಬೋರ್ ಬಿಟ್ಟಿನ ಕಾರ್ಬೈಡ್ ಹಲ್ಲನ್ನು ಹಿತ್ತಾಳೆಯಿಂದ ಬೆಸೆದದ್ದು. ಕಲ್ಲಿಗೆ ಅದನ್ನು ಬಿಟ್ಟರೆ ಬೇರೆ ಯಾವುದೂ ತಡೆದುಕೊಳ್ಳುವುದಿಲ್ಲ. ದುರುಗಪ್ಪ ಹಿಡಿಯಲು ಮುಂದಾದ. ಮೇಲಿನಿಂದ ಪಕ್ಕೀರಪ್ಪ ಪಂಚೆ ಎತ್ತಿಕಟ್ಟಿ ಇಳಿದುಬಂದ.

“ನಾ ಹಿಡಿತೀನಿ ಕೊಡು.”

“ನಿಮಗ್ಯಾಕ್ರಿ, ಕೈಗೆ ಬಿದ್ದೀತು.”

“ಬೀಳಲಿ ಬಿಡು.”

ಪಕ್ಕೀರಪ್ಪ ಎರಡೂ ಕೈಯಲ್ಲಿ ಚಾಣ ಹಿಡಿದು ಕೂತ. ಮಜೀದ ಬಡಿದ. ಕಲ್ಲಿನ ಚೂರು ಸಿಡಿದು ಪಕ್ಕೀರಪ್ಪನ ಎದೆಗೆ ಬಡಿಯಿತು. ಅವನು ಕದಲಲಿಲ್ಲ. ಒಂದೇ ಏಟಿಗೆ ಮುಗಿಯುವ ಕೆಲಸವಾಗಿರಲಿಲ್ಲ ಅದು. ಬಡಿದಷ್ಟೂ ಕಲ್ಲು ಇನ್ನಷ್ಟು ಇತ್ತು. ಮಜೀದನ ಕಣ್ಣಿಗೆ ಬೆವರು ಇಳಿಯಿತು, ಅದರ ಜೊತೆಗೆ ಬೇರೆಯದೂ ಇಳಿಯಿತು. ಕೊಟ್ಟ ಮಾತು ಉಳಿಸುತ್ತಿದ್ದೇನೋ ಮುರಿಯುತ್ತಿದ್ದೇನೋ ಎಂದು ಪ್ರತಿ ಏಟಿಗೂ ತನ್ನನ್ನೇ ಕೇಳಿಕೊಂಡ. ತಿಳಿಯಲಿಲ್ಲ. ಎಲ್ಲಾರಂಗ ನೆಟ್ಟಗ ಕುಂದ್ರಬೇಕಲೇ ಎಂದವನ ದನಿ ಕಿವಿಯಲ್ಲೇ ಇತ್ತು.

ಚಾಣ ತಿರುಗಿಸಿ ಹಿಡಿಯುತ್ತ ಪಕ್ಕೀರಪ್ಪ, ಯಾರನ್ನೋ ಕೇಳುವವನಂತೆ ಕೇಳಿದ:

“ಅವ ನನ್ನ ವಿಚಾರ ಏನಾರ ಅಂದಿದ್ನೇನು?”

ಮಜೀದ ಸುತ್ತಿಗೆ ಇಳಿಸಿ ಅವನ ಮುಖ ನೋಡಿದ. ಕಲ್ಲಿನ ಪುಡಿ ಕೂತ ಹುಬ್ಬು, ಎರಡು ದಿನದ ಬಿಳಿ ಗಡ್ಡ, ಮುದುಕನ ಬಾಯಿ.

“ಅಂದಿದ್ದ,” ಎಂದ ಮಜೀದ. “ನಮ್ಮಣ್ಣಗ ಹೇಳಾ ಜರೂರತ್ತಿಲ್ಲ, ಅವ ಇದ್ರ ಎಲ್ಲಾ ಸರಿ ಮಾಡ್ತಾನ ಅಂದಿದ್ದ.”

“ಹಂಗಂದಾ?”

“ಹೂಂ.”

ಪಕ್ಕೀರಪ್ಪ ಚಾಣವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. “ಬಡಿ,” ಎಂದ.

ವಿಮಾನ ಬರುವ ಹೊತ್ತಿಗೆ ಕಲ್ಲಿನಲ್ಲಿ ಒಂದು ಕಾಲು ಹಿಡಿಯುವಷ್ಟು ಜಾಗ ಆಗಿತ್ತು. ಗುರುಬಸವರಾಜನನ್ನು ಇಳಿಸಿ ಗುಣಿಯ ಗೋಡೆಗೆ ಒರಗಿಸಿದರು. ಬಲಗಾಲು ಆ ಜಾಗದಲ್ಲಿ ಸರಿಯಾಗಿ ಕೂತಿತು. ಅಜ್ಜಯ್ಯ ಅಂಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ಹಾಕಿ, ಮಂತ್ರ ಹೇಳಿದರು. ನಡುನಡುವೆ ತಡವರಿಸಿದರು. ನಾಗಲಿಂಗಮ್ಮ ಮೊದಲ ಹಿಡಿ ಉಪ್ಪನ್ನು ಮೊಣಕಾಲ ಮೇಲೆ ಹಾಕಿ, ಸ್ವಲ್ಪ ಹೊತ್ತು ಬಗ್ಗಿಯೇ ನಿಂತಿದ್ದಳು. ಆಮೇಲೆ ಎಲ್ಲರೂ ಮಣ್ಣು ಕೊಟ್ಟರು.

ಮುಗಿದಾಗ ಹೊತ್ತು ಇಳಿದಿತ್ತು. ಆ ಸ್ಮಶಾನದ ಉಳಿದ ದಿಬ್ಬಗಳೆಲ್ಲ ಚೌಕವಾಗಿದ್ದವು. ಇದೊಂದು ಮಾತ್ರ ಚಾಚಿದ ಕಾಲಿನ ಉದ್ದಕ್ಕೆ ಮೂಡಣದ ಕಡೆ ಸಣ್ಣ ಬದುವಿನಂತೆ ಮುಂದಕ್ಕೆ ಹೋಗಿ, ಬಳ್ಳಾರಿ ಜಾಲಿಯ ಮುಳ್ಳುಕಂಟಿಯ ಹತ್ತಿರ ನಿಂತಿತ್ತು. ಊರಿಗೆ ಹೋಗುವ ದಾರಿ ಆ ಬದುವಿನಾಚೆ. ಬದು ಗೇಣು ಎತ್ತರವೂ ಇರಲಿಲ್ಲ, ದಾಟಲು ಒಂದು ಹೆಜ್ಜೆ ಸಾಕಿತ್ತು.

ಮುಂದೆ ನಡೆಯುತ್ತಿದ್ದ ಅಜ್ಜಯ್ಯ ಒಂದು ಕಾಲು ಎತ್ತಿದವರು ಹಾಗೆಯೇ ಕೆಳಗಿಟ್ಟರು. ಧೋತರ ಒತ್ತಿ ಹಿಡಿದುಕೊಂಡು ಬದುವಿನ ತುದಿಗೆ ಹೋಗಿ, ಮುಳ್ಳಿನ ಸಂದಿಯಲ್ಲಿ ಮೈ ಓರೆ ಮಾಡಿ ಆಚೆಗೆ ನುಸುಳಿದರು. ಅವರ ಹಿಂದೆ ನಾಗಲಿಂಗಮ್ಮ, ಪುಷ್ಪಲತಾ, ಡ್ರೈವರ್, ಬೋರಿನವನು, ಭಜನೆಯವರು, ಮಜೀದ, ಒಬ್ಬರ ಹಿಂದೆ ಒಬ್ಬರು ಸೆರಗು ಬಿಡಿಸಿಕೊಳ್ಳುತ್ತ, ತೋಳು ಗೀರಿಸಿಕೊಳ್ಳುತ್ತ ಅಲ್ಲಿಯೇ ಹಾಯ್ದರು. ಕೊನೆಗೆ ಬಂದ ಪಕ್ಕೀರಪ್ಪನ ಪಂಚೆ ಜಾಲಿಗೆ ಸಿಕ್ಕಿಕೊಂಡು ಉದ್ದಕ್ಕೆ ಹರಿಯಿತು. ಅವನು ನಿಂತು, ಮುಳ್ಳಿನಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಉಳಿದವರ ಹಿಂದೆ ನಡೆದ.